ಕೆಲಸಕ್ಕೆ ಹೋಗುವವರ ಮನೆಯ ಚುರುಕು ನಾಯಿಗೆ ಹೊಸ ಮನೆ ಹುಡುಕುವುದು ಹೇಗೆ?

ಮೊದಲ ಸಲ ನನ್ನ ನಾಯಿಯನ್ನು ಬೇರೆಯವರಿಗೆ ಒಪ್ಪಿಸಿದಾಗ ಅವನು ಒಂಬತ್ತನೇ ದಿನಕ್ಕೆ ವಾಪಸ್ ಬಂದ. 14 ತಿಂಗಳ ಗಂಡು, 26 ಕೆ.ಜಿ. ತೂಕ. ಕರೆದುಕೊಂಡು ಹೋದವರು ಕೆಟ್ಟವರಲ್ಲ. ನಾನು ಸುಳ್ಳು ಹೇಳಿರಲಿಲ್ಲ, ಪೂರ್ತಿ ನಿಜವನ್ನೂ ಹೇಳಿರಲಿಲ್ಲ. ‘ತುಂಬ ಚುರುಕು, ಮನುಷ್ಯರೆಂದರೆ ಪ್ರಾಣ’ ಎಂದು ಬರೆದಿದ್ದೆ. ಒಬ್ಬನೇ ಬಿಟ್ಟರೆ ಕುರ್ಚಿಯ ಕಾಲು ಉಳಿಯುವುದಿಲ್ಲ ಎಂಬುದನ್ನು ಬರೆದಿರಲಿಲ್ಲ. ಅವರ ಮನೆ ನಮ್ಮ ಮನೆಯ ಮೂರು ಪಟ್ಟು, ಸುತ್ತ ಅಂಗಳ ಬೇರೆ. ಆದರೆ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ 8ಕ್ಕೆ ಹೊರಟರೆ ಬರುವುದು ಸಂಜೆ 6ಕ್ಕೆ. ನಮ್ಮ ಮನೆಯದೇ ಕಥೆ, ಜಾಗ ಮಾತ್ರ ದೊಡ್ಡದು.

ಎರಡನೇ ಸಲ ಮನೆಯ ಅಳತೆ ಬಿಟ್ಟು ಮನೆಯ ಗಡಿಯಾರ ನೋಡಿದೆ. ಬೆಳಿಗ್ಗೆ ಯಾರು ಏಳುತ್ತಾರೆ, ಮಧ್ಯಾಹ್ನ ಯಾರು ಇರುತ್ತಾರೆ, ಸಂಜೆ ಯಾರ ಕಾಲಲ್ಲಿ ಓಡುವ ಕಸುವು ಉಳಿದಿರುತ್ತದೆ ಎಂದು ಕೇಳಿದೆ. ಆ ಮನೆಯಲ್ಲಿ ಅವನು ನಿಂತ. ಈ ಬರಹದ ಉದ್ದಕ್ಕೂ ನಾನು ಮತ್ತೆ ಮತ್ತೆ ಗಡಿಯಾರದ ಮಾತಿಗೆ ಬರುತ್ತೇನೆ, ಬೇಸರಿಸಬೇಡಿ.

1. ಕೊಡಲೇಬೇಕೇ? ಎರಡು ವಾರ ನೋಡಿ

‘ನಾಯಿಗೆ ಕೆಲಸ ಇಲ್ಲ, ನಿಲ್ಲೋಕೆ ಹೊತ್ತಿಲ್ಲ’ ಎಂಬ ಗಾದೆ ಕಟ್ಟಿದವರು ಒಂದು ವರ್ಷದ ನಾಯಿಯನ್ನು ಹತ್ತಿರದಿಂದ ನೋಡಿರಬೇಕು. ಸುಮಾರು 6 ತಿಂಗಳಿನಿಂದ 18 ತಿಂಗಳವರೆಗೆ, ದೊಡ್ಡ ತಳಿಗಳಲ್ಲಿ 2 ವರ್ಷ ದಾಟುವವರೆಗೂ, ನಾಯಿಗೆ ಹದಿಹರೆಯ. ಮರಿಯಿದ್ದಾಗ ಕರೆದರೆ ಬರುತ್ತಿದ್ದದ್ದು ಈಗ ಕಿವಿಯೇ ಇಲ್ಲದಂತೆ ನಡೆದುಕೊಳ್ಳುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 5 ತಿಂಗಳಲ್ಲಿ ಹೇಳಿದಂತೆ ಕೂರುತ್ತಿದ್ದ ನಾಯಿಗಳು 8 ತಿಂಗಳಾಗುವಷ್ಟರಲ್ಲಿ ಸಾಕಿದವರ ಮಾತನ್ನು ಕಡಿಮೆ ಕೇಳಿದವು. ತಮಾಷೆಯೆಂದರೆ ಅಪರಿಚಿತರ ಮಾತನ್ನು ಹಾಗೆ ಉಪೇಕ್ಷಿಸಲಿಲ್ಲ. ಮಕ್ಕಳನ್ನು ಬೆಳೆಸಿದವರಿಗೆ ಇದು ಹೊಸದೇನಲ್ಲ. ಈ ಹಂತ ದಾಟುತ್ತದೆ. ಹಾಗಾಗಿ ಕೊಡುವ ಮೊದಲು ಮೂರು ವಿಷಯ ತಿಳಿದುಕೊಳ್ಳಿ.

ಒಂದು, ಪಶುವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಶುರುವಾದ ಗುರುಗುಟ್ಟುವಿಕೆ, ಚಡಪಡಿಕೆ, ಮನೆಯೊಳಗೆ ಮೂತ್ರ ಮಾಡುವುದರ ಹಿಂದೆ ನೋವೋ ಸೋಂಕೋ ಇರಬಹುದು.

ಎರಡು, ನೀವು ಹೊರಟ ಮೇಲೆ ಏನಾಗುತ್ತದೆ ಎಂದು ರೆಕಾರ್ಡ್ ಮಾಡಿ. ಹಳೆಯ ಮೊಬೈಲ್ ಸಾಕು. ಇದು ಬಹಳ ಮುಖ್ಯ. ಏಕೆಂದರೆ ಹೊರಗಿನಿಂದ ಒಂದೇ ಥರ ಕಾಣುವ ಎರಡು ತೊಂದರೆಗಳಿವೆ. ಬೇಸರ ಹಿಡಿದ ನಾಯಿ ಮೊದಲು ಮಲಗುತ್ತದೆ, ಇಟ್ಟುಹೋದ ತಿಂಡಿ ತಿನ್ನುತ್ತದೆ, ಎಷ್ಟೋ ಹೊತ್ತಿನ ಮೇಲೆ ಎದ್ದು ‘ಏನು ಸಿಗುತ್ತದೆ’ ಎಂದು ಹುಡುಕುತ್ತದೆ. ಅಗಲಿಕೆಯ ಭಯವಿರುವ ನಾಯಿ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ಅಳತೊಡಗುತ್ತದೆ, ಜೊಲ್ಲು ಸುರಿಸುತ್ತದೆ, ತಿಂಡಿ ಮುಟ್ಟುವುದಿಲ್ಲ. ಅದರ ಹಾವಳಿಯೆಲ್ಲ ಬಾಗಿಲು, ಕಿಟಕಿಯ ಸುತ್ತಲೇ. ಬೇಸರಕ್ಕೆ ವ್ಯಾಯಾಮ, ಕೆಲಸ ಮದ್ದಾಗುತ್ತದೆ. ಭಯಕ್ಕೆ ಆಗುವುದಿಲ್ಲ. ಅದಕ್ಕೆ ತರಬೇತಿ ಬೇಕು, ಕೆಲವೊಮ್ಮೆ ಔಷಧಿಯೂ ಬೇಕು. ಭಯವಿರುವ ನಾಯಿಯನ್ನು ಇನ್ನೊಂದು ಖಾಲಿ ಮನೆಗೆ ಕಳುಹಿಸಿದರೆ ತೊಂದರೆ ಅದರ ಜೊತೆಗೇ ಹೋಗುತ್ತದೆ.

ಮೂರು, ನಿಮ್ಮ ದಿನದಲ್ಲಿ ಬದಲಿಸಲು ಏನಾದರೂ ಉಳಿದಿದೆಯೇ ನೋಡಿ. ಮಧ್ಯಾಹ್ನ ಅರ್ಧ ಗಂಟೆ ಬಂದು ಸುತ್ತಾಡಿಸುವವರು, ವಾರಕ್ಕೆರಡು ದಿನ ಡೇಕೇರ್, ವಾರದಲ್ಲಿ ಒಂದೆರಡು ದಿನ ಮನೆಯಿಂದ ಕೆಲಸ. ವಯಸ್ಕ ನಾಯಿ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗಿಯೇ ಕಳೆಯುವ ಪ್ರಾಣಿ. ಅದಕ್ಕೆ ಎಂಟೂ ಗಂಟೆ ಯಾರೋ ಎದುರಿಗೆ ಕೂತಿರಬೇಕಿಲ್ಲ, ಎಂಟು ಗಂಟೆ ಒಂದೇ ಸಮನೆ ಖಾಲಿ ಇರಬಾರದು ಅಷ್ಟೆ.

ಇವೆಲ್ಲ ಆದಮೇಲೂ ಲೆಕ್ಕ ಕೂಡದಿದ್ದರೆ ಕೊಡುವುದೇ ಸರಿ. ಅದನ್ನು ಸೋಲು ಎಂದುಕೊಂಡು ಇನ್ನೂ ಎರಡು ವರ್ಷ ಎಳೆಯುವವರನ್ನು ನೋಡಿದ್ದೇನೆ. ಅಷ್ಟರಲ್ಲಿ ನಾಯಿಗೆ ಮೂರು ವರ್ಷ, ರೂಢಿಗಳು ಗಟ್ಟಿ, ತೆಗೆದುಕೊಳ್ಳುವವರೂ ಕಡಿಮೆ.

2. ಹುಡುಕುವ ತಿಂಗಳುಗಳಲ್ಲಿ ನಾಯಿಯ ದಿನ ಹೇಗಿರಬೇಕು?

ಒಳ್ಳೆಯ ಮನೆ ಒಂದು ವಾರದಲ್ಲಿ ಸಿಗುವುದಿಲ್ಲ. ಒಂದೂವರೆ, ಎರಡು ತಿಂಗಳು ಎಂದು ಲೆಕ್ಕ ಹಾಕಿಕೊಳ್ಳಿ. ಅಷ್ಟು ದಿನ ‘ಹೇಗೂ ಹೋಗುವ ನಾಯಿ’ ಎಂದು ಕೈಬಿಟ್ಟರೆ ಅದರ ನಡತೆ ಹದಗೆಡುತ್ತದೆ, ನೋಡಲು ಬಂದವರು ಬಾಗಿಲಲ್ಲೇ ಹಿಂದೆ ಸರಿಯುತ್ತಾರೆ.

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು 40 ನಿಮಿಷ ಎತ್ತಿಡಿ. ಉದ್ದನೆಯ ಹಗ್ಗ ಕಟ್ಟಿ, ಅದು ಮೂಸಿದಲ್ಲೆಲ್ಲ ನಿಲ್ಲಲು ಬಿಡಿ. ಮೂಸುವುದು ನಾಯಿಗೆ ಪತ್ರಿಕೆ ಓದಿದಂತೆ, ತಲೆ ದಣಿಯುತ್ತದೆ. ಇದಕ್ಕೆ ಬದಲಾಗಿ ಅರ್ಧ ಗಂಟೆ ಚೆಂಡು ಎಸೆದರೆ ನಾಯಿ ಏದುಸಿರು ಬಿಡುತ್ತದೆ ನಿಜ, ಆದರೆ ಉದ್ವೇಗ ಇಳಿಯುವುದಿಲ್ಲ. ನೀವು ಬಾಗಿಲು ಹಾಕಿದ ಮೇಲೂ ಅದು ಓಡುವ ಲಹರಿಯಲ್ಲೇ ಇರುತ್ತದೆ. ನಾನು ತಿಂಗಳುಗಟ್ಟಲೆ ಮಾಡಿದ ತಪ್ಪು ಇದು.

ಆಹಾರವನ್ನು ಬಟ್ಟಲಿಗೆ ಸುರಿಯಬೇಡಿ. ಅರ್ಧವನ್ನು ಒಳಗೆ ತುಂಬಿಸಬಹುದಾದ ರಬ್ಬರ್ ಆಟಿಕೆಯಲ್ಲಿ, ಉಳಿದರ್ಧವನ್ನು ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ಬಚ್ಚಿಡಿ. ಟವೆಲ್ ಬಿಚ್ಚುವ ಆಟ ನೀವು ಮನೆಯಲ್ಲಿರುವಾಗ ಮಾತ್ರ, ಬಟ್ಟೆ ನುಂಗುವ ನಾಯಿಗಂತೂ ಬೇಡವೇ ಬೇಡ. ಸಂಜೆ ಹತ್ತು ನಿಮಿಷ ಮೂರೇ ಪಾಠ ಮಾಡಿಸಿ: ನಾಲ್ಕೂ ಕಾಲು ನೆಲದ ಮೇಲಿಟ್ಟು ಅತಿಥಿಯನ್ನು ಎದುರುಗೊಳ್ಳುವುದು, ಹಗ್ಗ ಎಳೆಯದೆ ನಡೆಯುವುದು, ಚಾಪೆಯ ಮೇಲೆ ಹೋಗಿ ಮಲಗುವುದು. ಹೊಸ ಮನೆಯವರು ಮೊದಲ ದಿನ ನೋಡುವುದು ಈ ಮೂರನ್ನೇ.

3. ಕಾಗದ ಪತ್ರ

ಇದು ಒಂದು ಸಂಜೆಯ ಕೆಲಸ. ಲಸಿಕೆಯ ಕಾರ್ಡ್ (ರೇಬಿಸ್, ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್), ಕೊನೆಯ ಸಲ ಜಂತುಹುಳದ ಔಷಧಿ ಕೊಟ್ಟ ದಿನ, ಉಣ್ಣೆಹುಳ, ಚಿಗಟಗಳ ಔಷಧಿಯ ದಿನ, ಹಳೆಯ ಚಿಕಿತ್ಸೆಯ ಚೀಟಿಗಳು ಎಲ್ಲವನ್ನೂ ಒಂದು ಫೈಲಿಗೆ ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ. ಮೈಕ್ರೋಚಿಪ್ (ಚರ್ಮದಡಿ ಹಾಕಿಸುವ ಗುರುತಿನ ಚಿಪ್) ಇದ್ದರೆ ಅದರ 15 ಅಂಕಿಗಳ ಸಂಖ್ಯೆ ಬರೆದಿಡಿ. ಅನೇಕರು ಚಿಪ್ ಎಂದರೆ ನಾಯಿ ಎಲ್ಲಿದೆ ಎಂದು ತೋರಿಸುವ ಯಂತ್ರ ಎಂದುಕೊಂಡಿದ್ದಾರೆ. ಅದರಲ್ಲಿ ಇರುವುದು ಸಂಖ್ಯೆ ಮಾತ್ರ. ಆ ಸಂಖ್ಯೆಯ ಎದುರು ಯಾರ ಫೋನ್ ನಂಬರ್ ನೋಂದಣಿಯಾಗಿದೆಯೋ ಅವರಿಗೆ ಕರೆ ಹೋಗುತ್ತದೆ. ನಾಯಿಯನ್ನು ಕೊಟ್ಟ ಮೇಲೆ ಇದನ್ನು ಬದಲಿಸಲು ಮರೆತರೆ, ಮೂರು ವರ್ಷ ಬಿಟ್ಟು ಯಾವುದೋ ಆಸ್ಪತ್ರೆಯಿಂದ ನಿಮಗೆ ಫೋನ್ ಬರಬಹುದು.

ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲದಿದ್ದರೆ ವೈದ್ಯರನ್ನು ಕೇಳಿ. ದೊಡ್ಡ ತಳಿಗಳಲ್ಲಿ ವಯಸ್ಸು ನೋಡಿ ಮಾಡುವುದುಂಟು. ಮಾಡಿಸಬಹುದಾದರೆ ಕೊಡುವ ಮೊದಲೇ ಮಾಡಿಸಿ. ಮರಿ ಹಾಕಿಸಲೆಂದೇ ಕೇಳುವವರು ಅಲ್ಲಿಗೇ ಕಳಚಿಕೊಳ್ಳುತ್ತಾರೆ.

4. ನಿಜ ಬರೆಯಿರಿ, ಗಂಟೆಗಳಲ್ಲಿ ಬರೆಯಿರಿ

ವಿವರಣೆ ಬರೆಯುವಾಗ ‘ಆ್ಯಕ್ಟಿವ್’, ‘ಫ್ರೆಂಡ್ಲಿ’ ಎಂಬ ಎರಡು ಪದ ಬಿಟ್ಟುಬಿಡಿ. ಅವುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನನ್ನ ಎರಡನೇ ಬರಹ ಹೆಚ್ಚುಕಡಿಮೆ ಹೀಗಿತ್ತು:

‘14 ತಿಂಗಳ ಗಂಡು, 26 ಕೆ.ಜಿ., ಸಂತಾನಹರಣ ಆಗಿದೆ, ಲಸಿಕೆ ಪೂರ್ತಿ. ದಿನಕ್ಕೆ ಎರಡು ಸಲ, ಒಟ್ಟು ಒಂದೂವರೆ ಗಂಟೆ ಹೊರಗೆ ಹೋಗಲೇಬೇಕು. ಎರಡು ಗಂಟೆಯವರೆಗೆ ಒಬ್ಬನೇ ಇರುತ್ತಾನೆ, ಆಮೇಲೆ ಮರದ ವಸ್ತು ಕಡಿಯುತ್ತಾನೆ. ಸಂಜೆ 6ರಿಂದ 7 ಅವನ ಹುಚ್ಚಿನ ಹೊತ್ತು: ಮೇಲೆ ಹಾರುತ್ತಾನೆ, ತೋಳು ಬಾಯಿಗೆ ಹಾಕುತ್ತಾನೆ. ಕಚ್ಚಿ ಗಾಯ ಮಾಡಿಲ್ಲ. ಹೆಣ್ಣು ನಾಯಿಗಳ ಜೊತೆ ಆಡುತ್ತಾನೆ, ಅಪರಿಚಿತ ಗಂಡು ನಾಯಿಗಳಿಗೆ ಬೊಗಳುತ್ತಾನೆ. ಬೆಕ್ಕು ಕಂಡರೆ ಅಟ್ಟುತ್ತಾನೆ. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಕೊಡುವುದಿಲ್ಲ. ಹಗಲು ಯಾರಾದರೂ ಇರುವ, ನಡೆಯುವ ಓಡುವ ಅಭ್ಯಾಸವಿರುವ ಮನೆ ಬೇಕು.’

ಬಂದ ಕರೆಗಳು ಮೊದಲ ಸಲದ ಕಾಲು ಭಾಗ. ಆದರೆ ಕರೆ ಮಾಡಿದವರೆಲ್ಲ ಓದಿ ಕರೆ ಮಾಡಿದ್ದರು. ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ದೊಡ್ಡ ಉಳಿತಾಯ ಇಲ್ಲ.

ಕಚ್ಚಿದ್ದರೆ ಮುಚ್ಚಿಡಲೇಬೇಡಿ. ಪಶುವೈದ್ಯ ಇಯಾನ್ ಡನ್ಬಾರ್ ಅವರು ಮಾಡಿದ ಆರು ಹಂತಗಳ ಮಾಪಕ ಇಲ್ಲಿ ನೆರವಾಗುತ್ತದೆ. ಒಂದನೇ ಹಂತದಲ್ಲಿ ಹಲ್ಲು ಚರ್ಮಕ್ಕೆ ತಾಗಿಲ್ಲ, ಎರಡನೆಯದರಲ್ಲಿ ತಾಗಿದೆ ಆದರೆ ತೂತಾಗಿಲ್ಲ, ಮೂರರಲ್ಲಿ ಒಂದೇ ಕಡಿತದ ಆಳವಿಲ್ಲದ ತೂತುಗಳು, ನಾಲ್ಕರಿಂದ ಮೇಲೆ ಆಳದ ಗಾಯ. ಮೂರು ಅಥವಾ ಅದಕ್ಕಿಂತ ಮೇಲಿದ್ದರೆ ನೀವಾಗಿಯೇ ಮನೆ ಹುಡುಕಲು ಹೋಗಬೇಡಿ. ನಡವಳಿಕೆಯಲ್ಲಿ ಪರಿಣತಿ ಇರುವ ಪಶುವೈದ್ಯರ ಸಲಹೆ ಮೊದಲು.

ತಳಿಯ ಮಾತನ್ನೂ ಸೇರಿಸಿ. ಬಾರ್ಡರ್ ಕೋಲಿ ಕುರಿ ಕಾಯಲು, ಹಸ್ಕಿ ಜಾರುಬಂಡಿ ಎಳೆಯಲು, ಬೀಗಲ್ ಮೂಗು ನೆಲಕ್ಕಿಟ್ಟು ಮೈಲಿಗಟ್ಟಲೆ ಹೋಗಲು ಹುಟ್ಟಿದ್ದು. ಮಿಶ್ರ ತಳಿಯಾದರೆ ನೀವು ಕಂಡದ್ದನ್ನು ಬರೆಯಿರಿ: ಬಿಟ್ಟರೆ ಏನು ಮಾಡುತ್ತದೆ? ಅಗೆಯುತ್ತದೆಯೋ, ಬೆನ್ನಟ್ಟುತ್ತದೆಯೋ, ಬಾಯಲ್ಲಿ ಏನಾದರೂ ಹಿಡಿದು ತಿರುಗುತ್ತದೆಯೋ?

ಫೋಟೋ ಮೂರು ಸಾಕು. ಜೊತೆಗೆ ಒಂದು ನಿಮಿಷದ ವಿಡಿಯೊ, ಅದರಲ್ಲಿ ನಾಯಿ ಹಗ್ಗ ಎಳೆಯುವುದೂ ಇರಲಿ.

5. ಎಲ್ಲಿ ಹುಡುಕಬೇಕು?

ನಾಯಿಯನ್ನು ತಂದ ಜಾಗಕ್ಕೆ ಮೊದಲು ಹೇಳಿ. ಬ್ರೀಡರ್ ಆಗಲಿ ಶೆಲ್ಟರ್ ಆಗಲಿ, ಸಾಕಲಾಗದಿದ್ದರೆ ತಮಗೇ ಮರಳಿಸಬೇಕೆಂದು ಒಪ್ಪಂದದಲ್ಲಿ ಬರೆಸಿಕೊಂಡಿರುವುದುಂಟು. ಆಮೇಲೆ ನಾಯಿಯನ್ನು ಈಗಾಗಲೇ ಬಲ್ಲವರು: ಸಂಜೆ ಮೈದಾನದಲ್ಲಿ ಸಿಗುವ ನಾಯಿಯವರು, ಸುತ್ತಾಡಿಸುವ ಹುಡುಗ, ತರಬೇತುದಾರರು, ಆಸ್ಪತ್ರೆಯ ಸಿಬ್ಬಂದಿ. ಇವರಿಗೆ ನಾಯಿಯ ಗುಣವೂ ಗೊತ್ತು, ಹತ್ತು ಮನೆಗಳ ಗುಣವೂ ಗೊತ್ತು. ನನಗೆ ಎರಡನೇ ಮನೆ ಸಿಕ್ಕಿದ್ದು ತರಬೇತುದಾರರ ಮೂಲಕ.

ಅಜಿಲಿಟಿ (ಅಡೆತಡೆ ದಾಟಿ ಓಡುವ ಆಟ), ವಾಸನೆ ಪತ್ತೆ ಮುಂತಾದ ನಾಯಿ ಕ್ರೀಡೆಗಳ ಗುಂಪುಗಳಲ್ಲೂ ಕೇಳಿ. ನೀವು ಕೈಚೆಲ್ಲಿದ ಕಸುವನ್ನೇ ಅವರು ಹುಡುಕುತ್ತಿರುತ್ತಾರೆ. ನಿಮ್ಮ ನಾಯಿಯ ತಳಿಯನ್ನು ಕಾಪಾಡುವ ರೆಸ್ಕ್ಯೂ ತಂಡಗಳು ಜಾಗವಿಲ್ಲದಿದ್ದರೂ ನಾಯಿ ನಿಮ್ಮ ಮನೆಯಲ್ಲೇ ಇರುವಾಗ ಅದರ ವಿವರ ಹಂಚುವುದುಂಟು. ಶೆಲ್ಟರ್‌ಗೆ ಒಪ್ಪಿಸುವುದಾದರೆ ಕಾಯುವ ಪಟ್ಟಿ ಎಷ್ಟಿದೆ, ದಿನಕ್ಕೆ ಎಷ್ಟು ಹೊತ್ತು ಹೊರಗೆ ಬಿಡುತ್ತಾರೆ, ಮನೆ ಸಿಗದಿದ್ದರೆ ಏನು ಮಾಡುತ್ತಾರೆ ಎಂದು ನೇರವಾಗಿ ಕೇಳಿ. ಕಸುವಿನ ನಾಯಿಗೆ ಗೂಡಿನ ವಾಸ ಬಲು ಕಷ್ಟ, ಫಾಸ್ಟರ್ ಮನೆ (ಕಾಯಂ ಮನೆ ಸಿಗುವವರೆಗೆ ಸಾಕುವ ಮನೆ) ಕೊಡುವ ತಂಡವಿದ್ದರೆ ಅದೇ ಮೇಲು. ಅಂತರ್ಜಾಲದ ಜಾಹೀರಾತು ಕೊನೆಗೆ. ಮತ್ತು ‘ಉಚಿತ’ ಎಂದು ಬರೆಯಬೇಡಿ. ಪುಕ್ಕಟೆ ಸಿಕ್ಕ ನಾಯಿಯನ್ನು ಮಾರಿಕೊಳ್ಳುವವರು, ಅದಕ್ಕಿಂತ ಕೆಟ್ಟದ್ದಕ್ಕೆ ಬಳಸುವವರು ಇದ್ದಾರೆ.

ಎಲ್ಲೋ ದೂರ ಬಿಟ್ಟು ಬರುವ ಯೋಚನೆ ತಲೆಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯಲ್ಲಿ ಬದುಕುವ ವಿದ್ಯೆ ಗೊತ್ತಿರುವುದಿಲ್ಲ, ಅನೇಕ ದೇಶಗಳಲ್ಲಿ ಅದು ಅಪರಾಧ ಕೂಡ.

6. ಕೆಲಸದ ನಡುವೆ ಕರೆಗಳು

ಹಗಲೆಲ್ಲ ಫೋನ್ ಎತ್ತಲು ಆಗುವುದಿಲ್ಲ, ಎತ್ತಲೂ ಬೇಡಿ. ಒಂದು ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಎಲ್ಲರಿಗೂ ಅದನ್ನೇ ಕಳುಹಿಸಿ. ಅದರಲ್ಲಿ ಆರೇಳು ಪ್ರಶ್ನೆಗಳಿರಲಿ, ‘ಹೌದು, ಇಲ್ಲ’ ಎಂದು ಮುಗಿಸಲಾಗದ ಪ್ರಶ್ನೆಗಳು. ಮನೆಯಲ್ಲಿ ಯಾರು ಯಾರಿದ್ದಾರೆ? ಹಿಂದೆ ಸಾಕಿದ ನಾಯಿ ಈಗ ಎಲ್ಲಿದೆ? ಊರಿಗೆ ಹೋದಾಗ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ? ರಾತ್ರಿ ಎಲ್ಲಿ ಮಲಗುತ್ತದೆ? ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯೇ, ಹೇಗೆ? ಸೋಫಾ ಹರಿದರೆ ಏನು ಮಾಡುತ್ತೀರಿ?

ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ: ‘ನಿಮ್ಮ ಸೋಮವಾರ ಹೇಗಿರುತ್ತದೆ, ಬೆಳಿಗ್ಗೆಯಿಂದ ಹೇಳಿ.’ ಭಾನುವಾರವನ್ನು ಯಾರು ಬೇಕಾದರೂ ಚೆಂದ ಹೇಳುತ್ತಾರೆ. ಸೋಮವಾರದ ಉತ್ತರದಲ್ಲಿ ನಾಯಿಗೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ಬೆರಳೆಣಿಸಿ ನೋಡಬಹುದು.

ಉತ್ತರ ಕಳುಹಿಸಿದವರಲ್ಲಿ ಹಿಡಿಸಿದವರಿಗೆ ಮಾತ್ರ ರಾತ್ರಿ 8ರ ಮೇಲೆ ಫೋನ್ ಮಾಡಿ. ವಾರಕ್ಕೆ ಎರಡು ಸಂಜೆ ಕರೆಗಳಿಗೆ, ಶನಿವಾರ ಬೆಳಿಗ್ಗೆ ಭೇಟಿಗೆ ಎಂದು ಗೊತ್ತುಮಾಡಿಕೊಂಡರೆ ಕೆಲಸವೂ ನಡೆಯುತ್ತದೆ, ನಿದ್ದೆಯೂ ಬರುತ್ತದೆ.

ಇವತ್ತೇ ಬೇಕು ಎನ್ನುವವರು, ನಾಯಿಯ ಗುಣ ಬಿಟ್ಟು ತಳಿಯ ಕಾಗದ ಕೇಳುವವರು, ಮನೆ ತೋರಿಸಲು ಒಪ್ಪದವರು, ಹುಟ್ಟುಹಬ್ಬದ ಉಡುಗೊರೆಗೆ ಎನ್ನುವವರು, ಗೇಟಿಗೆ ಕಟ್ಟಿಹಾಕಲು ಎನ್ನುವವರು, ಇವರಿಗೆಲ್ಲ ವಿನಯದಿಂದ ಇಲ್ಲ ಎನ್ನಿ. ಕಾರಣ ವಿವರಿಸುವ ಹಂಗಿಲ್ಲ.

ನೋಡಲು ಒಳ್ಳೆಯದೆನಿಸಿ ಹೊಂದದ ಮನೆಗಳೂ ಇವೆ. ನಿವೃತ್ತ ದಂಪತಿ ದಿನವಿಡೀ ಮನೆಯಲ್ಲಿರುತ್ತಾರೆ, ಆದರೆ 26 ಕೆ.ಜಿ.ಯ ನಾಯಿ ಒಂದು ಸಲ ಜಗ್ಗಿದರೆ ಬೀಳುತ್ತಾರೆ. ದೊಡ್ಡ ಅಂಗಳವಿದೆ ಎನ್ನುತ್ತಾರೆ, ಅಂಗಳದಲ್ಲಿ ಒಂಟಿ ಬಿಟ್ಟ ನಾಯಿ ವ್ಯಾಯಾಮ ಮಾಡುವುದಿಲ್ಲ, ಬಾಗಿಲ ಬಳಿ ಕೂತು ಕಾಯುತ್ತದೆ ಇಲ್ಲವೇ ಬೇಲಿಯಡಿ ಅಗೆಯುತ್ತದೆ. ‘ನಮ್ಮ ನಾಯಿಗೆ ಜೊತೆಯಾಗಲಿ’ ಎನ್ನುವವರ ಹಳೆಯ ನಾಯಿಗೆ ಹತ್ತು ವರ್ಷವಾಗಿದ್ದರೆ, ಆ ಮುದಿಜೀವ ಯಾವ ತಪ್ಪು ಮಾಡಿದೆ ಎಂದು ಕೇಳಬೇಕೆನಿಸುತ್ತದೆ. ಇನ್ನೊಂದೆಡೆ, ಇಬ್ಬರೂ ದುಡಿಯುವ ಮನೆಯೆಂದ ಮಾತ್ರಕ್ಕೆ ತಳ್ಳಿಹಾಕಬೇಡಿ. ಒಬ್ಬರ ಪಾಳಿ ಹಗಲು, ಇನ್ನೊಬ್ಬರದು ರಾತ್ರಿಯಾದರೆ ಆ ಮನೆ ಖಾಲಿಯಿರುವುದೇ ಕಡಿಮೆ.

7. ಭೇಟಿ: ಎರಡು ಸಲ, ಎರಡು ಜಾಗ

ಮೊದಲ ಭೇಟಿ ಬಯಲಿನಲ್ಲಿ. ಅವರಿಗೆ ನಾಯಿಯಿದ್ದರೆ ಎದುರುಬದುರು ನಿಲ್ಲಿಸಬೇಡಿ. ನಡುವೆ ಸಾಕಷ್ಟು ಅಂತರವಿಟ್ಟು ಎರಡನ್ನೂ ಒಂದೇ ದಿಕ್ಕಿಗೆ ನಡೆಸುತ್ತ, ಮೈ ಸಡಿಲವಾದಂತೆ ಹತ್ತಿರ ತನ್ನಿ. ಇಪ್ಪತ್ತು ನಿಮಿಷವಾದ ಮೇಲೆ ಹಗ್ಗವನ್ನು ಅವರ ಕೈಗೆ ಕೊಟ್ಟು ನೀವು ಹಿಂದೆ ಸರಿಯಿರಿ. ನಾಯಿ ಎಳೆದಾಗ ಅವರ ಮುಖ ನೋಡಿ. ನಗುತ್ತಾರೋ, ಗದರುತ್ತಾರೋ, ಹಗ್ಗ ಝಾಡಿಸುತ್ತಾರೋ? ಅರ್ಜಿಯಲ್ಲಿ ಸಿಗದ ಉತ್ತರ ಅಲ್ಲಿ ಸಿಗುತ್ತದೆ.

ಭೇಟಿಗೆ ಮೊದಲು ನಾಯಿಯನ್ನು ಓಡಿಸಿ ಸುಸ್ತು ಮಾಡಿ ಕರೆದೊಯ್ಯಬೇಡಿ. ಇದು ನನ್ನ ಮೊದಲ ಸಲದ ಇನ್ನೊಂದು ಜಾಣತನ. ದಣಿದು ಕಾಲಬುಡದಲ್ಲಿ ಮಲಗಿದ ನಾಯಿಯನ್ನು ನೋಡಿ ಅವರು ‘ಎಷ್ಟು ಸೌಮ್ಯ!’ ಎಂದಿದ್ದರು. ಒಮ್ಮೆಯಾದರೂ ಅದರ ಹುಚ್ಚಿನ ಹೊತ್ತಿನಲ್ಲೇ ಬರಹೇಳಿ.

ಎರಡನೇ ಭೇಟಿ ಅವರ ಮನೆಯಲ್ಲಿ, ಮನೆಯವರೆಲ್ಲ ಇರುವಾಗ. ಬೇಲಿಯ ಎತ್ತರ, ಗೇಟಿನ ಸಂದು, ಬಾಲ್ಕನಿಯ ಕಂಬಿ ನೋಡಿ. ಮಕ್ಕಳಿದ್ದರೆ ನಾಯಿ ಮಲಗಿದಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ ನೋಡಿ. ಮನೆಯಲ್ಲಿ ಒಬ್ಬರು ಮಾತಾಡದೆ ದೂರ ನಿಂತಿದ್ದರೆ ಅವರನ್ನು ಮಾತಾಡಿಸಿ. ನಾಯಿ ವಾಪಸ್ ಬರುವುದಾದರೆ ಹೆಚ್ಚಾಗಿ ಅವರ ಕಾರಣದಿಂದಲೇ.

8. ಒಪ್ಪಂದ ಮತ್ತು ಎರಡು ವಾರದ ಪರೀಕ್ಷೆ

ಮೊದಲ ಎರಡು ವಾರ ನಾಯಿ ಅವರ ಮನೆಯಲ್ಲಿ ಪರೀಕ್ಷೆಗೆಂದು ಇರಲಿ. ಒಪ್ಪಂದಕ್ಕೆ ಒಂದು ಪುಟ ಸಾಕು. ನಾಯಿಯ ವಿವರ, ಚಿಪ್ ಸಂಖ್ಯೆ, ಕೊಟ್ಟ ದಿನಾಂಕ, ತಿಳಿದಿರುವ ಎಲ್ಲ ಆರೋಗ್ಯ ಮತ್ತು ನಡವಳಿಕೆಯ ತೊಂದರೆಗಳು, ಪರೀಕ್ಷೆಯ ಅವಧಿಯ ವೈದ್ಯಕೀಯ ಖರ್ಚು ಯಾರದು ಎಂಬುದು, ಎರಡೂ ಕಡೆಯವರ ಸಹಿ. ಸಾಕಲಾಗದಿದ್ದರೆ ಮೂರನೆಯವರಿಗೆ ಕೊಡದೆ ಮೊದಲು ನಿಮಗೇ ಹೇಳಬೇಕು ಎಂಬ ಸಾಲು ಇರಲಿ. ಮಾಲೀಕತ್ವದ ನಿಯಮ ಒಂದೊಂದು ಕಡೆ ಒಂದೊಂದು ಥರ, ಆದ್ದರಿಂದ ಸ್ಥಳೀಯ ನಿಯಮ ಮತ್ತು ಲೈಸೆನ್ಸ್ ವಿಚಾರಿಸಿಕೊಳ್ಳಿ. ಎರಡು ವಾರ ಮುಗಿದು ಅವರು ಹೂಂ ಎಂದಮೇಲೆ ಚಿಪ್ ನೋಂದಣಿ ಬದಲಿಸಿ, ಬದಲಾದದ್ದನ್ನು ನೀವೇ ಕಣ್ಣಾರೆ ನೋಡಿ.

9. ಹಸ್ತಾಂತರದ ದಿನ

ಅವರಿಗೆ ಎರಡು ಮೂರು ದಿನ ರಜೆ ಇರುವ ಹೊತ್ತು ಆರಿಸಿ, ನೀವೂ ಒಂದು ದಿನ ರಜೆ ಹಾಕಿ. ಬೆಳಿಗ್ಗೆ ಎಂದಿನ ಸುತ್ತಾಟ ಮುಗಿಸಿ, ಸಾಧ್ಯವಾದರೆ ನೀವೇ ಕರೆದೊಯ್ಯಿರಿ. ಜೊತೆಗೆ ಕಳುಹಿಸಬೇಕಾದ್ದು: ಈಗ ತಿನ್ನುತ್ತಿರುವ ಆಹಾರ ಎರಡು ವಾರಕ್ಕಾಗುವಷ್ಟು, ತೊಳೆಯದ ಹಾಸಿಗೆ (ಅದರ ವಾಸನೆಯೇ ಅದಕ್ಕೆ ಧೈರ್ಯ), ಕಚ್ಚುವ ಆಟಿಕೆ, ಫೈಲು, ಮತ್ತು ನೀವು ಬಳಸುವ ಪದಗಳ ಪಟ್ಟಿ. ನೀವು ‘ಕೂರು’ ಎನ್ನುತ್ತಿದ್ದರೆ ಅವರು ಬೇರೆ ಭಾಷೆಯಲ್ಲಿ ಹೇಳಿದಾಗ ನಾಯಿ ಮಂಕಾಗಿ ನೋಡುತ್ತದೆ, ಅವರು ಅದನ್ನು ಮೊಂಡುತನ ಎನ್ನುತ್ತಾರೆ.

ಆಹಾರ ಬದಲಿಸುವುದಾದರೆ 7ರಿಂದ 10 ದಿನದಲ್ಲಿ, ಕಾಲು ಭಾಗ ಹೊಸದು, ಅರ್ಧ, ಮುಕ್ಕಾಲು ಎಂದು ಮೆಲ್ಲಗೆ. ಇಲ್ಲದಿದ್ದರೆ ಮೊದಲ ವಾರವೇ ಭೇದಿ.

ಮೊದಲ ದಿನಗಳ ದೊಡ್ಡ ಅಪಾಯ ತಪ್ಪಿಸಿಕೊಳ್ಳುವುದು. ಕೊರಳಪಟ್ಟಿಗೆ ಒಂದು, ಎದೆಗೆ ತೊಡಿಸುವ ಹಾರ್ನೆಸ್‌ಗೆ ಒಂದು ಹೀಗೆ ಎರಡು ಹಗ್ಗ ಕಟ್ಟಲು ಹೇಳಿ. ಅವರ ಫೋನ್ ನಂಬರಿನ ಬಿಲ್ಲೆಯನ್ನು ನೀವೇ ಮಾಡಿಸಿ ಅವತ್ತೇ ಹಾಕಿ. ಕೆಲವು ವಾರ ಬಯಲಲ್ಲಿ ಬಿಚ್ಚಿ ಬಿಡುವುದು ಬೇಡ, ಎಷ್ಟೇ ಒಳ್ಳೆಯದಾಗಿ ಕಂಡರೂ.

ಬೀಳ್ಕೊಡುಗೆ ಚಿಕ್ಕದಿರಲಿ. ನಾಯಿಯನ್ನು ಏನಾದರೂ ತಿನ್ನುವುದರಲ್ಲಿ ತೊಡಗಿಸಿ ಹೊರಟುಬಿಡಿ. ಅಳು ಬಂದರೆ ಕಾರಿನಲ್ಲಿ ಅಳಿ, ನಾನು ಅತ್ತಿದ್ದೇನೆ.

10. ಆಮೇಲಿನ ಮೂರು ತಿಂಗಳು

ನಾಯಿಯವರು ಹೇಳುವ ಒಂದು ಅಂದಾಜು ಲೆಕ್ಕವಿದೆ: ಬೆರಗು ಇಳಿಯಲು 3 ದಿನ, ಮನೆಯ ಪದ್ಧತಿ ತಿಳಿಯಲು 3 ವಾರ, ‘ಇದು ನನ್ನ ಮನೆ’ ಎನಿಸಲು 3 ತಿಂಗಳು. ಇದನ್ನು ಹೊಸಬರಿಗೆ ಮೊದಲೇ ಹೇಳಿಡಿ. ಮೊದಲ ವಾರ ಮೆತ್ತಗಿದ್ದ ನಾಯಿ ಮೂರನೇ ವಾರ ನಿಜರೂಪ ತೋರಿಸುವುದು ಸಾಮಾನ್ಯ, ಆಗಲೇ ಅವರಿಗೆ ನಿಮ್ಮ ಫೋನ್ ಬೇಕಾಗುವುದು. ಮೂರನೇ ದಿನ, ಎರಡನೇ ವಾರ, ಮೊದಲ ತಿಂಗಳ ಕೊನೆಗೆ ನೀವಾಗಿಯೇ ಒಂದು ಸಂದೇಶ ಕಳುಹಿಸಿ. ದಿನವೂ ಕೇಳಬೇಡಿ, ಅದು ಅವರ ನಾಯಿ ಈಗ. ನೋಡಲು ಹೋಗುವುದಿದ್ದರೆ ಅವರೇ ಕರೆಯುವವರೆಗೆ ಕಾಯಿರಿ.

ಮನೆಯಲ್ಲಿ ಮಕ್ಕಳಿದ್ದರೆ ‘ಹಳ್ಳಿಗೆ ಹೋಗಿದೆ’ ಎಂದು ಕಥೆ ಕಟ್ಟಬೇಡಿ. ಯಾರ ಮನೆಗೆ, ಯಾಕೆ ಎಂದು ಇದ್ದದ್ದು ಇದ್ದಂತೆ ಹೇಳಿ, ಹೊಸ ಮನೆಯಿಂದ ಬಂದ ಫೋಟೋ ತೋರಿಸಿ.

ವಾಪಸ್ ಕೊಡುತ್ತೇವೆ ಎಂದರೆ ಬೈಯದೆ ಕರೆದುಕೊಂಡು ಬನ್ನಿ. ಎಷ್ಟು ಗಂಟೆಗೆ, ಯಾರು ಇದ್ದಾಗ, ಏನಾಯಿತು ಎಂದು ಅವರಿಂದ ಬರೆಸಿಕೊಳ್ಳಿ. ನನ್ನ ಎರಡನೇ ಜಾಹೀರಾತಿನ ‘ಎರಡು ಗಂಟೆಯವರೆಗೆ ಒಬ್ಬನೇ ಇರುತ್ತಾನೆ’ ಎಂಬ ಸಾಲು ಬಂದದ್ದು ಆ ಒಂಬತ್ತು ದಿನದವರು ಕೊಟ್ಟ ಚೀಟಿಯಿಂದ.